ಡಕ್ಟ್ ಸ್ಮೋಕ್ ಡಿಟೆಕ್ಟರ್: ಹಸಿರು ಲೈಟ್ ನಂಬ್ಬೇಡಿ, ಗಾಳಿ ಬರ್ತಿದ್ಯಾ ನೋಡಿ

ಹೋದ ವರ್ಷ ಬೆಂಗಳೂರಲ್ಲಿ ಒಂದು ಆಫೀಸ್ ಬಿಲ್ಡಿಂಗ್‌ದು ಎಎಂಸಿ (ವರ್ಷದ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್) ತಗೊಂಡು ಮೊದಲನೇ ಸಲ ಫ್ಲೋರ್ ಫ್ಲೋರ್ ನೋಡ್ಕೊಂಡು ಬರ್ತಿದ್ದೆ. ಮೂರನೇ ಫ್ಲೋರಿನ ಎಎಚ್‌ಯು (ಗಾಳಿ ತಣ್ಣಗೆ ಮಾಡಿ ಡಕ್ಟಿಗೆ ತಳ್ಳೋ ಎಸಿ ಮಷಿನ್) ರೂಮಲ್ಲಿ ಡಕ್ಟ್ ಡಿಟೆಕ್ಟರ್, ಅಂದ್ರೆ ಎಸಿ ಗಾಳಿ ಹೋಗೋ ಕೊಳವೇಲಿ ಹೊಗೆ ಹಿಡಿಯೋ ಸಾಧನ, ಹಸಿರು ಲೈಟ್ ಮಿಣಮಿಣ ಅಂತಿದೆ, ಫೈರ್ ಅಲಾರಂ ಪ್ಯಾನೆಲಲ್ಲಿ ನಾರ್ಮಲ್, ಗೋಡೆಗೆ ನೇತಾಕಿರೋ ಲಾಗ್ ಬುಕ್ಕಲ್ಲಿ ಮೂರು ತಿಂಗಳಿಗೊಂದ್ಸಲ ‘ಚೆಕ್ಡ್ ಓಕೆ’ ಅಂತ ಸೈನು. ಎಲ್ಲ ಸರಿ ಇದೆ ಅನ್ಕೊಂಡು ಸುಮ್ನೆ ಕೇಬಲ್ ಟ್ರೇ ಮೇಲೆ ಟಾರ್ಚ್ ಬಿಟ್ರೆ ಧೂಳು ಹಿಡಿದ ಒಂದು ಚಿಕ್ಕ ಪ್ಲಾಸ್ಟಿಕ್ ಕವರ್, ಒಳಗೆ ಕಪ್ಪು ರಬ್ಬರ್ ಬಿರಡೆ, ಕವರನ್ನ ಯಾರೂ ಹರಿದೂ ಇಲ್ಲ. ಆ ಬಿರಡೆ ಇರಬೇಕಾಗಿದ್ದು ಡಕ್ಟ್ ಒಳಗಿರೋ ಪೈಪಿನ ಕೊನೇಲಿ. ಜೊತೇಲಿದ್ದ ಹುಡುಗ “ಅಣ್ಣಾ, ಗ್ರೀನ್ ಇದೆಯಲ್ಲ, ಬಿಡಿ” ಅಂದ. ಅಲ್ಲೇ ಇರೋದು ಎಡವಟ್ಟು. ಹಸಿರು ಲೈಟ್ ಹೇಳೋದು ಕರೆಂಟ್ ಬರ್ತಿದೆ ಅಂತ, ಗಾಳಿ ಬರ್ತಿದೆ ಅಂತಲ್ಲ.

ಈ ಸಾಮಾನನ್ನ ಹಾಕೋರು ಫೈರ್ ಅಲಾರಂನೋರು, ಡಕ್ಟ್ ಎಸಿಯೋರದ್ದು, ಫ್ಯಾನಿನ ಸ್ಟಾರ್ಟರ್ ಎಲೆಕ್ಟ್ರಿಷಿಯನ್‌ದು, ಮೂರು ಜನರ ನಡುವೆ ಕೂಸು ಬಡವಾಯ್ತು ಅನ್ನೋ ಹಾಗೆ ಕೊನೆಗೆ ಯಾರೂ ಪೂರ್ತಿ ನೋಡಿರಲ್ಲ. ಅದಕ್ಕೇ ಫೆಸಿಲಿಟಿ ಕೆಲಸದಲ್ಲಿರೋರಿಗೆ, ಹೊಸದಾಗಿ ಈ ಲೈನಿಗೆ ಬಂದಿರೋ ಹುಡುಗರಿಗೆ ಅಂತ ಮೊದಲಿಂದ ಬರೀತೀನಿ.

ಇದು ಯಾಕೆ ಬೇಕು

ಬೆಂಕಿಗಿಂತ ಮುಂಚೆ ಕೊಲ್ಲೋದು ಹೊಗೆ. 2011ರ ಡಿಸೆಂಬರ್ 9ರ ಬೆಳಗಿನ ಜಾವ ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆ ಬೇಸ್ಮೆಂಟಲ್ಲಿ ಹೊತ್ಕೊಂಡಿದ್ದ ಬೆಂಕಿಯ ಹೊಗೆ ಎಸಿ ಡಕ್ಟಲ್ಲಿ ಮೇಲಿನ ವಾರ್ಡುಗಳಿಗೆ ಹತ್ತಿ ಸುಮಾರು 90 ಜನ ಹೋದ್ರು, ಹೆಚ್ಚಿನವರು ಮಲಗಿದ್ದ ಪೇಷೆಂಟ್‌ಗಳು, ಉಸಿರುಕಟ್ಟಿ. ನಮ್ಮೂರಲ್ಲಿ 2010ರ ಫೆಬ್ರವರಿ 23ರ ಕಾರ್ಲ್‌ಟನ್ ಟವರ್ಸ್ ಬೆಂಕಿ ನೆನಪಿರಬೇಕಲ್ಲ, 9 ಜನ ಸತ್ರು, ಅಲ್ಲಿ ಹೊಗೆ ಹತ್ತಿದ್ದು ಎಸಿ ಡಕ್ಟಲ್ಲಿ ಅಲ್ಲ, ಕರೆಂಟ್ ಕೇಬಲ್ ಹೋಗೋ ಶಾಫ್ಟಲ್ಲಿ, ಆದ್ರೆ ಪಾಠ ಒಂದೇ, ಹೊಗೆಗೆ ಒಂದು ಕೊಳವೆ ಸಿಕ್ರೆ ಸಾಕು. ಅದರಲ್ಲೂ ಎಸಿ ಡಕ್ಟ್ ಅಂದ್ರೆ ಒಲೆ ಮುಂದೆ ಊದುಕೊಳವೆ ಇಟ್ಟ ಹಾಗೆ, ಫ್ಯಾನ್ ತಾನೇ ಎಳ್ಕೊಂಡು ತಾನೇ ತಳ್ಳುತ್ತೆ.

ಹಾಗಾಗಿ ಡಕ್ಟ್ ಡಿಟೆಕ್ಟರ್ ಕೆಲಸ ಎರಡೇ: ಡಕ್ಟಲ್ಲಿ ಹೋಗ್ತಿರೋ ಗಾಳೀಲಿ ಹೊಗೆ ಇದ್ಯಾ ನೋಡೋದು, ಇದ್ರೆ ಫ್ಯಾನ್ ನಿಲ್ಲಿಸಿ ಡ್ಯಾಂಪರ್ (ಡಕ್ಟ್ ಒಳಗೆ ಗಾಳಿ ತಡೆಯೋ ರೆಕ್ಕೆ) ಮುಚ್ಚಿಸೋದು. ರೂಮಿನ ಸೀಲಿಂಗಲ್ಲಿರೋ ಡಿಟೆಕ್ಟರ್ ಬದಲಿಗೆ ಇದು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ರಾತ್ರಿ ಎಸಿ ಆಫ್ ಆದ್ರೆ ಡಕ್ಟಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲ ಅಂದ್ರೆ ಇದು ಕುರುಡು.

ಎಷ್ಟು ದೊಡ್ಡ ಎಎಚ್‌ಯುಗೆ, ಎಲ್ಲಿ

ನಮ್ಮಲ್ಲಿ ಎನ್‌ಬಿಸಿ (ನ್ಯಾಷನಲ್ ಬಿಲ್ಡಿಂಗ್ ಕೋಡ್) 2016ರ ಭಾಗ 4 ಮತ್ತೆ ಫೈರ್ ಅಲಾರಂಗಿರೋ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 2189 ಇವೆ, ಆದ್ರೆ ಡಕ್ಟ್ ಡಿಟೆಕ್ಟರ್ ವಿಷಯಕ್ಕೆ ಬಂದ್ರೆ ಹೆಚ್ಚಿನ ಕನ್ಸಲ್ಟೆಂಟ್‌ಗಳು ಅಮೆರಿಕದ ಫೈರ್ ಕೋಡ್ ಎನ್‌ಎಫ್‌ಪಿಎ 90ಎ ಹಿಡ್ಕೊಂಡೇ ಡ್ರಾಯಿಂಗ್ ಮಾಡ್ತಾರೆ. ಅದರಲ್ಲಿ ಸಪ್ಲೈ ಕಡೆಗೆ (ತಣ್ಣಗಿನ ಗಾಳಿ ರೂಮಿಗೆ ಹೋಗೋ ಕಡೆ) 2000 ಸಿಎಫ್‌ಎಂ, ಅಂದ್ರೆ ನಿಮಿಷಕ್ಕೆ 2000 ಘನ ಅಡಿ ಗಾಳಿ, ಮೇಲಿದ್ರೆ ಡಿಟೆಕ್ಟರ್ ಬೇಕು. ಒಂದು ಟನ್ನಿಗೆ 400 ಸಿಎಫ್‌ಎಂ ಅನ್ನೋ ನಮ್ಮ ಎಸಿಯೋರ ಲೆಕ್ಕ ಹಿಡಿದ್ರೆ ಅದು ಬರೀ 5 ಟನ್ನು, ಅಂದ್ರೆ ಆಫೀಸಿನ ಹೆಚ್ಚುಕಮ್ಮಿ ಎಲ್ಲ ಎಎಚ್‌ಯುನೂ ಬಂತು. ರಿಟರ್ನ್ ಕಡೆಗೆ (ರೂಮಿಂದ ಗಾಳಿ ವಾಪಸ್ ಬರೋ ಕಡೆ) ಅದೇ ಕೋಡಲ್ಲಿ 15,000 ಸಿಎಫ್‌ಎಂ ಮೀರಿ ಒಂದಕ್ಕಿಂತ ಜಾಸ್ತಿ ಫ್ಲೋರಿಗೆ ಹೋಗೋ ಸಿಸ್ಟಮ್ ಆದ್ರೆ ಪ್ರತಿ ಫ್ಲೋರಲ್ಲೂ. ನಾನಂತೂ ಚಿಕ್ಕದಕ್ಕೂ ರಿಟರ್ನಲ್ಲಿ ಒಂದು ಹಾಕಿಸಿ ಅಂತೀನಿ, ಯಾಕಂದ್ರೆ ಆಫೀಸ್ ಒಳಗೆ ಹೊತ್ಕೊಂಡ್ರೆ ಹೊಗೆ ಮೊದಲು ಬರೋದು ರಿಟರ್ನಿಗೇ.

ಸಪ್ಲೈ ಡಿಟೆಕ್ಟರ್ ಫಿಲ್ಟರ್ ಮತ್ತೆ ಫ್ಯಾನ್ ದಾಟಿದ ಮೇಲೆ, ಮೊದಲನೇ ಬ್ರ್ಯಾಂಚ್ ಒಡೆಯೋಕೆ ಮುಂಚೆ. ಮೋಟಾರ್ ಸುಟ್ರೂ, ಬೆಲ್ಟ್ ಉಜ್ಜಿ ಹೊಗೆ ಬಂದ್ರೂ, ಫಿಲ್ಟರ್‌ಗೇ ಬೆಂಕಿ ಬಿದ್ರೂ ಅದು ಹಿಡಿಯೋದು ಅಲ್ಲಿದ್ರೆ ಮಾತ್ರ. ರಿಟರ್ನ್ ಡಿಟೆಕ್ಟರ್ ಫ್ರೆಶ್ ಏರ್ ಸೇರೋಕೆ ಮುಂಚೆ, ಇಲ್ಲಾಂದ್ರೆ ಹೊರಗಿನ ಗಾಳಿ ಬೆರೆತು ಹೊಗೆ ತೆಳುವಾಗುತ್ತೆ, ನೀರು ಬೆರೆಸಿದ ಮಜ್ಜಿಗೆ ತರ.

ಮ್ಯಾನುಯಲ್ ತೆಗೆದ್ರೆ ‘ಬೆಂಡ್‌ನಿಂದ ಡಕ್ಟ್ ಅಗಲದ ಆರು ಪಟ್ಟು ದೂರ ಇರಲಿ’ ಅಂತಿರುತ್ತೆ. ಎರಡಡಿ ಡಕ್ಟಿಗೆ ಹನ್ನೆರಡಡಿ ನೇರ ಓಟ. ನಮ್ಮ ಬಿಲ್ಡಿಂಗುಗಳ ಎಎಚ್‌ಯು ರೂಮಲ್ಲಿ ಮನುಷ್ಯ ಅಡ್ಡ ತಿರುಗೋಕೇ ಜಾಗ ಇರಲ್ಲ, ಹನ್ನೆರಡಡಿ ಎಲ್ಲಿಂದ ತರೋದು. ಸಿಕ್ಕಷ್ಟು ದೂರ ಹೋಗಿ, ಬೆಂಡಿನ ಪಕ್ಕದಲ್ಲೇ ಗಾಳಿ ಸುತ್ತೋ ಜಾಗ ಬಿಡಿ, ಆಮೇಲೆ ಕೆಳಗೆ ಹೇಳೋ ಪ್ರೆಶರ್ ಟೆಸ್ಟ್ ಪಾಸಾಗುತ್ತಾ ನೋಡಿ, ಆಗದಿದ್ರೆ ಜಾಗ ಬದಲಾಯಿಸಿ. ಕೂಲಿಂಗ್ ಕಾಯಿಲ್‌ಗೆ ತೀರಾ ಅಂಟಿಕೊಂಡೂ ಬೇಡ, ತೇವ ಹಿಡಿದು ಮಳೆಗಾಲದಲ್ಲಿ ಸುಮ್ಸುಮ್ನೆ ಕೂಗುತ್ತೆ. ಇನ್ನೊಂದು, ಸುಮಾರು ಕಡೆ ರಿಟರ್ನ್ ಡಕ್ಟೇ ಇರಲ್ಲ, ಫಾಲ್ಸ್ ಸೀಲಿಂಗ್ ಮೇಲಿನ ಜಾಗನೇ ರಿಟರ್ನು, ಗೋಡೇಲಿ ಒಂದು ಓಪನಿಂಗಿಂದ ಎಎಚ್‌ಯು ರೂಮಿಗೆ ಬೀಳುತ್ತೆ. ಅಂತ ಕಡೆ ಆ ಓಪನಿಂಗಿಗೆ ಕುತ್ತಿಗೆ ತರ ಒಂದು ಡಕ್ಟ್ ತುಂಡು ಮಾಡಿಸಿ ಅದಕ್ಕೆ ಅಡ್ಡಲಾಗಿ ಟ್ಯೂಬ್ ಬರೋ ಹಾಗೆ ಹಾಕಿ, ರೂಮಿನ ಮೂಲೇಲಿ ಎಲ್ಲೋ ನೇತಾಕ್ಬೇಡಿ.

ಮತ್ತೆ ಕೈಗೆ ಸಿಗೋ ಜಾಗ. ಇದನ್ನ ಹಾಕಿದವನು ಒಂದ್ಸಲ ಹತ್ತಿದ್ರೆ ಮುಗೀತು, ಕ್ಲೀನ್ ಮಾಡೋನು ವರ್ಷಾನುಗಟ್ಟಲೆ ಹತ್ತಬೇಕು. ಏಣಿ ನಿಲ್ಲಲ್ಲ ಅಂದ್ರೆ ಅವನು ಹತ್ತಲ್ಲ, ಸೈನ್ ಮಾತ್ರ ಹಾಕ್ತಾನೆ. ಸೀಲಿಂಗ್ ಮೇಲೆ ಹಾಕಿದ್ರೆ ಟ್ರ್ಯಾಪ್ ಡೋರ್ ಕೊಡಿಸಿ, ಕೆಳಗೆ ಕಾಣೋ ಹಾಗೆ ರಿಮೋಟ್ ಇಂಡಿಕೇಟರ್ ಕೊಡಿ.

ಟ್ಯೂಬ್ ಹಾಕೋದು

ಡಿಟೆಕ್ಟರ್ ಡಬ್ಬಿಯಿಂದ ಎರಡು ಪೈಪ್ ಡಕ್ಟ್ ಒಳಗೆ ಹೋಗ್ತವೆ. ಉದ್ದದ್ದು ಸ್ಯಾಂಪ್ಲಿಂಗ್ ಟ್ಯೂಬ್, ಕೊಳಲಿನ ತರ ಸಾಲಾಗಿ ತೂತು. ಗಿಡ್ಡದ್ದು ಎಕ್ಸಾಸ್ಟ್. ಗಾಳಿ ಉದ್ದದ ಟ್ಯೂಬಿನ ತೂತುಗಳಿಗೆ ಎದುರಿಂದ ಹೊಡೆದು ಒಳಗೆ ಬಂದು ಡಬ್ಬೀಲಿರೋ ಸೆನ್ಸರ್ ಮುಂದೆ ಹಾದು ಗಿಡ್ಡದರಿಂದ ವಾಪಸ್ ಡಕ್ಟಿಗೆ ಹೋಗುತ್ತೆ. ಒಳಗೆ ಯಾವ ಮೋಟಾರೂ ಇಲ್ಲ, ಎರಡು ಟ್ಯೂಬಿನ ನಡುವಿನ ಪ್ರೆಶರ್ ವ್ಯತ್ಯಾಸದಿಂದಾನೇ ಗಾಳಿ ಓಡ್ಬೇಕು, ಇದು ತಲೇಲಿದ್ರೆ ಮುಂದಿನದೆಲ್ಲ ತಾನೇ ಅರ್ಥ ಆಗುತ್ತೆ.

ಮೊದಲು ಎಎಚ್‌ಯು ಆಫ್, ಐಸೊಲೇಟರ್‌ಗೆ ಬೀಗ, ಟ್ಯಾಗ್. ಡಕ್ಟ್ ಅಗಲ ಟೇಪಲ್ಲಿ ಅಳೆದು ಟ್ಯೂಬ್ ಆರಿಸಿ, ಅದು ಡಕ್ಟಿನ ಈ ಗೋಡೆಯಿಂದ ಆ ಗೋಡೆವರೆಗೂ ಹೋಗ್ಬೇಕು, ಅರ್ಧಕ್ಕೆ ನಿಂತ್ರೆ ಆ ಅರ್ಧ ಡಕ್ಟಿನ ಹೊಗೆ ಇದಕ್ಕೆ ಸಿಗಲ್ಲ. ಮೂರಡಿಗಿಂತ ಅಗಲದ ಡಕ್ಟ್ ಆದ್ರೆ ಟ್ಯೂಬಿನ ಕೊನೆ ಎದುರು ಗೋಡೆಯಿಂದ ಹೊರಗೆ ಬಂದು ಅಲ್ಲಿ ಸಪೋರ್ಟ್ ಸಿಗ್ಬೇಕು, ಇಲ್ಲಾಂದ್ರೆ ಗಾಳಿಗೆ ಅದುರಿ ಅದುರಿ ಸಡಿಲ ಆಗುತ್ತೆ. ಉದ್ದ ಜಾಸ್ತಿ ಆಯ್ತು ಅಂತ ಗರಗಸ ಹಾಕೋ ಮುಂಚೆ ನಿಮ್ಮ ಮಾಡೆಲ್ಲಿನ ಮ್ಯಾನುಯಲ್ ಏನನ್ನುತ್ತೆ ನೋಡಿ.

ಇನ್ಸುಲೇಷನ್ ಇದ್ರೆ ಡಬ್ಬಿ ಕೂರೋಷ್ಟು ಜಾಗ ನೀಟಾಗಿ ಕಟ್ ಮಾಡಿ ಶೀಟ್ ಕಾಣೋ ಹಾಗೆ ಮಾಡ್ಕೊಳ್ಳಿ. ಡಬ್ಬಿ ಜೊತೆ ಬರೋ ಪೇಪರ್ ಟೆಂಪ್ಲೇಟ್ ಅಂಟಿಸಿ, ಹೋಲ್ ಸಾದಲ್ಲಿ ತೂತು ಹೊಡೀರಿ, ಅಂಚು ಫೈಲ್ ಹಾಕಿ, ಒಳಗೆ ಬಿದ್ದ ಜಿಐ ಚೂರುಗಳನ್ನ ವ್ಯಾಕ್ಯೂಮಲ್ಲಿ ತೆಗೀರಿ. ಚೂರು ಬಿಟ್ರೆ ಫ್ಯಾನ್ ಆನ್ ಮಾಡಿದ ದಿನ ಯಾರದೋ ಟೇಬಲ್ ಮೇಲೆ ಉದುರುತ್ತೆ, ಕಂಪ್ಲೇಂಟ್ ನಿಮಗೇ ಬರುತ್ತೆ.

ಟ್ಯೂಬ್ ತಿರುವು: ತೂತುಗಳು ಗಾಳಿ ಬರೋ ದಿಕ್ಕಿಗೆ ಮುಖ ಮಾಡಿರ್ಬೇಕು. ಟ್ಯೂಬಿನ ಬುಡದಲ್ಲಿ ಬಾಣದ ಗುರುತಿರುತ್ತೆ, ಅದನ್ನ ನೋಡಿ. ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ಊಹೆ ಮಾಡ್ಬೇಡಿ, ಡ್ರಾಯಿಂಗೂ ನಂಬ್ಬೇಡಿ, ಎಎಚ್‌ಯು ಆನ್ ಮಾಡಿಸಿ ತೂತಿನ ಮೂಲಕ ಒಂದು ದಾರ ಬಿಟ್ಟು ಕಣ್ಣಾರೆ ನೋಡಿ, ಆಮೇಲೆ ಆಫ್ ಮಾಡಿ ಬೀಗ ಹಾಕಿ ಕೆಲಸ ಮುಂದುವರಿಸಿ. ಟ್ಯೂಬ್ ಡಬ್ಬಿಯಿಂದ ಆಚೆ ಕಡೆಗೆ ಅಡಿಗೆ ಕಾಲಿಂಚಿನಷ್ಟು ಇಳಿಜಾರಿರಲಿ, ಒಳಗೆ ನೀರು ಕಟ್ಟಿದ್ರೆ ಸೆನ್ಸರ್ ಕಡೆ ಬರಲ್ಲ. ಕೊನೆಗೆ ಆ ಬಿರಡೆ. ಅದು ಇಲ್ಲಾಂದ್ರೆ ತೆರೆದ ತುದಿ ಎಲ್ಲ ತೂತಿನ ಲೆಕ್ಕಾನೂ ಕೆಡಿಸುತ್ತೆ, ಕೊನೆ ಡಕ್ಟ್ ಆಚೆ ಬಂದಿದ್ರಂತೂ ಎಎಚ್‌ಯು ರೂಮಿನ ಗಾಳಿಗೂ ಡಕ್ಟಿನ ಗಾಳಿಗೂ ಬಾಗಿಲು ತೆಗೆದಿಟ್ಟ ಹಾಗೆ. ಕವರಲ್ಲಿ ಬಂದಿರೋ ಚಿಕ್ಕ ಸಾಮಾನನ್ನೆಲ್ಲ ಮೊದಲೇ ಒಂದು ತಟ್ಟೇಲಿ ಸುರ್ಕೊಳ್ಳಿ, ಕೆಲಸ ಮುಗಿದಾಗ ತಟ್ಟೆ ಖಾಲಿ ಇರ್ಬೇಕು. ನಾನೀಗ ಹಾಗೇ ಮಾಡೋದು.

ಡಬ್ಬಿ ಹಿಂದಿನ ಗ್ಯಾಸ್ಕೆಟ್ ಸರಿಯಾಗಿ ಕೂತು ಸ್ಕ್ರೂ ಬಿಗಿಯಾದ ಮೇಲೆ ಇನ್ಸುಲೇಷನ್ ಅಂಚಿಗೆ ಟೇಪ್ ಹಾಕಿ. ಇಂಟೀರಿಯರ್ ಕೆಲಸ ನಡೀತಿದ್ರೆ ಸೆನ್ಸರ್ ಹೆಡ್ ಹಾಕ್ಬೇಡಿ, ಬೇಸ್ ಮಾತ್ರ ಸಾಕು. ಜಿಪ್ಸಂ ಉಜ್ಜೋ ಧೂಳು ಒಂದು ವಾರಕ್ಕೆ ಹೊಸ ಹೆಡ್ಡನ್ನ ಹಳೇದು ಮಾಡಿಬಿಡುತ್ತೆ.

ವೈರಿಂಗ್: ಫ್ಯಾನ್ ನಿಜವಾಗ್ಲೂ ನಿಲ್ಲುತ್ತಾ

ಅಡ್ರೆಸಬಲ್ (ಪ್ರತಿ ಡಿವೈಸಿಗೂ ಪ್ಯಾನೆಲಲ್ಲಿ ಒಂದು ನಂಬರ್ ಇರೋ ಸಿಸ್ಟಮ್) ಆದ್ರೆ ಲೂಪಲ್ಲಿ ಸೇರಿಸಿ ಅಡ್ರೆಸ್ ಕೊಡಿ, ಹೆಸರು ಅರ್ಥ ಆಗೋ ಹಾಗಿಡಿ, ‘ಡಿವೈಸ್ 47’ ಅಂತ ಇಟ್ರೆ ರಾತ್ರಿ ಸೆಕ್ಯೂರಿಟಿಯೋರು ಎಲ್ಲಿಗೆ ಓಡ್ಬೇಕು. ಅದು ಸುಲಭದ ಭಾಗ. ಕಷ್ಟ ಇರೋದು ಎಎಚ್‌ಯು ಸ್ಟಾರ್ಟರ್ ಹತ್ರ.

ಕಂಟ್ರೋಲ್ ಮಾಡ್ಯೂಲಿನ (ಪ್ಯಾನೆಲ್ ಹೇಳಿದಾಗ ಸ್ವಿಚ್ ಬದಲಾಯಿಸೋ ಸಾಮಾನು) ಎನ್‌ಸಿ, ಅಂದ್ರೆ ಮಾಮೂಲಾಗಿ ಮುಚ್ಚಿರೋ, ಕಾಂಟ್ಯಾಕ್ಟನ್ನ ಸ್ಟಾರ್ಟರ್ ಕಾಯಿಲ್ ಲೈನಲ್ಲಿ ಸೀರೀಸ್ ಆಗಿ ತಗೊಳ್ಳಿ. ವೈರ್ ಎಲ್ಲಾದ್ರೂ ಕಟ್ಟಾದ್ರೆ ಫ್ಯಾನ್ ನಿಲ್ಲುತ್ತೆ, ಸೆಕೆ ಅಂತ ಜನ ಬೈತಾರೆ, ಯಾರಾದ್ರೂ ಬಂದು ಸರಿ ಮಾಡ್ತಾರೆ. ಎನ್‌ಒ (ಮಾಮೂಲಾಗಿ ತೆರೆದಿರೋದು) ಹಾಕಿ ಟ್ರಿಪ್ ಸಿಗ್ನಲ್ ಕೊಟ್ಟಿದ್ರೆ ವೈರ್ ಕಟ್ಟಾಗಿದ್ದು ಬೆಂಕಿ ಬಿದ್ದ ದಿನಾನೇ ಗೊತ್ತಾಗೋದು. ಸ್ಟಾರ್ಟರ್ ಕಂಟ್ರೋಲ್ 230 ವೋಲ್ಟ್ ಇದ್ದು ಮಾಡ್ಯೂಲ್ ಕಾಂಟ್ಯಾಕ್ಟ್ ರೇಟಿಂಗ್ ಅಷ್ಟಿಲ್ಲ ಅಂದ್ರೆ ಮಧ್ಯ ಒಂದು ರಿಲೇ ಹಾಕ್ಲೇಬೇಕು, ಆಗ ಆ ರಿಲೇ ಕಾಯಿಲ್ ವೈರ್ ಕಟ್ಟಾದ್ರೂ ಫ್ಯಾನ್ ನಿಲ್ಲೋ ಹಾಗೆ ಮಾಡಿ, ಅಂದ್ರೆ ನಾರ್ಮಲಲ್ಲಿ ರಿಲೇ ಎತ್ತಿಕೊಂಡೇ ಇರ್ಬೇಕು.

ಆಟೋನೋ ಮ್ಯಾನುಯಲ್ಲೋ ಆರಿಸೋ ಸೆಲೆಕ್ಟರ್ ಸ್ವಿಚ್ ನೋಡೋದು ಮರೀಬೇಡಿ, ನಾನು ಹೆಚ್ಚು ಕಂಡಿರೋ ತಪ್ಪು ಇದೇ. ಟ್ರಿಪ್ ಕಾಂಟ್ಯಾಕ್ಟ್ ಆಟೋ ಲೈನಲ್ಲಿ ಮಾತ್ರ ಇರುತ್ತೆ, ಟೆಸ್ಟ್ ದಿನ ಆಟೋದಲ್ಲಿಟ್ಟು ಫ್ಯಾನ್ ನಿಲ್ಲಿಸಿ ತೋರಿಸ್ತಾರೆ, ಎಲ್ರೂ ಚಪ್ಪಾಳೆ, ಆಮೇಲೆ ವರ್ಷವಿಡೀ ಎಎಚ್‌ಯು ಓಡೋದು ಮ್ಯಾನುಯಲಲ್ಲಿ. ಕಾಂಟ್ಯಾಕ್ಟ್ ಎರಡಕ್ಕೂ ಕಾಮನ್ ಆಗಿರೋ ಜಾಗದಲ್ಲಿ ಬರ್ಬೇಕು. ವಿಎಫ್‌ಡಿ (ಫ್ಯಾನ್ ಸ್ಪೀಡ್ ಏರಿಸಿ ಇಳಿಸೋ ಡ್ರೈವ್) ಇದ್ರೆ ಅದರ ಬೈಪಾಸ್ ಲೈನಿಗೂ ಇದೇ ಮಾತು. ಬಿಎಂಎಸ್ (ಬಿಲ್ಡಿಂಗ್ ಮ್ಯಾನೇಜ್ಮೆಂಟ್ ಸಿಸ್ಟಮ್) ಸಾಫ್ಟ್‌ವೇರ್ ನಿಲ್ಲಿಸುತ್ತೆ ಬಿಡಿ ಅಂತಾರೆ, ನಿಲ್ಲಿಸ್ಲಿ, ಆದ್ರೆ ತಾಮ್ರದ ತಂತಿ ಒಂದಿರಲಿ. ಒಂದ್ಸಲ ನಿಂತ ಫ್ಯಾನ್ ಯಾರಾದ್ರೂ ಬಂದು ರೀಸೆಟ್ ಮಾಡೋವರೆಗೂ ತಾನಾಗೇ ಶುರು ಆಗ್ಬಾರ್ದು.

ಸ್ಟೇರ್‌ಕೇಸ್ ಪ್ರೆಶರೈಸೇಷನ್ ಫ್ಯಾನ್, ಸ್ಮೋಕ್ ಎಕ್ಸಾಸ್ಟ್ ಫ್ಯಾನ್ ಇವನ್ನ ಈ ಟ್ರಿಪ್ಪಿಗೆ ಸೇರಿಸ್ಬೇಡಿ, ಅವು ಬೆಂಕಿ ಟೈಮಲ್ಲೇ ಓಡ್ಬೇಕಾದವು. ಯಾವ ಅಲಾರಂಗೆ ಏನೇನು ಆಗ್ಬೇಕು ಅಂತ ಬರೆದಿರೋ ಕಾಸ್ ಅಂಡ್ ಎಫೆಕ್ಟ್ ಶೀಟ್ ಕೇಳಿ ತಗೊಂಡು ಲೈನ್ ಲೈನ್ ನೋಡಿ.

ಚಾಲೂ ಮಾಡೋ ದಿನ

ಮಲ್ಟಿಮೀಟರ್ ಎಲ್ಲರ ಹತ್ರಾನೂ ಇರುತ್ತೆ, ಗಾಳಿಯ ಪ್ರೆಶರ್ ಅಳೆಯೋ ಮ್ಯಾನೋಮೀಟರ್ ಇರಲ್ಲ. ತಗೊಳ್ಳಿ, ಇಲ್ಲಾ ಎಸಿಯೋರ ಹತ್ರ ಎರವಲು ಕೇಳಿ. ಎಎಚ್‌ಯು ಓಡ್ತಿರುವಾಗ ಡಬ್ಬಿ ಮುಚ್ಚಳ ತೆಗೆದು ಒಂದು ರಬ್ಬರ್ ನಳಿಗೆ ಸ್ಯಾಂಪ್ಲಿಂಗ್ ಟ್ಯೂಬಿಗೆ, ಇನ್ನೊಂದು ಎಕ್ಸಾಸ್ಟಿಗೆ ಹಿಡೀರಿ, ಸುತ್ತ ಗಾಳಿ ಸೋರದ ಹಾಗೆ. ಚೆನ್ನಾಗಿ ಬಿಕರಿಯಾಗೋ ಎಷ್ಟೋ ಮಾಡೆಲ್ಲುಗಳಲ್ಲಿ 0.01ರಿಂದ 1.11 ಇಂಚು ವಾಟರ್ ಗೇಜ್ ಒಳಗಿರ್ಬೇಕು ಅಂತಾರೆ, ಪಾಸ್ಕಲಲ್ಲಿ ಸುಮಾರು 2.5ರಿಂದ 276. ನಿಮ್ಮದರ ಲೆಕ್ಕ ನಿಮ್ಮ ಮ್ಯಾನುಯಲಲ್ಲಿ ನೋಡ್ಕೊಳ್ಳಿ. ಸೊನ್ನೆ ತೋರಿಸ್ತಿದ್ರೆ ಬಿರಡೆ ಇಲ್ಲ, ಟ್ಯೂಬ್ ತಪ್ಪು ತಿರುಗಿದೆ, ಇಲ್ಲಾ ಜಾಗ ಸರಿ ಇಲ್ಲ. ಮೈನಸ್ ಬಂದ್ರೆ ನಳಿಗೆ ಅದಲು ಬದಲಾಗಿಲ್ಲ ಅಂತ ನೋಡಿ, ಆಮೇಲೂ ಮೈನಸ್ಸೇ ಅಂದ್ರೆ ಟ್ಯೂಬ್ ಉಲ್ಟಾ. ಶುರುವಲ್ಲಿ ಹೇಳಿದ ಆ ಮೂರನೇ ಫ್ಲೋರಿಂದು ಒಂದು ಪಾಸ್ಕಲ್ ದಾಟ್ತಿರಲಿಲ್ಲ, ಬಿರಡೆ ಹಾಕಿ ಮತ್ತೆ ನೋಡಿದ್ರೆ 36.

ಈ ರೀಡಿಂಗನ್ನ ಫ್ಯಾನ್ ಫುಲ್ ಸ್ಪೀಡಲ್ಲಿದ್ದಾಗ ಮಾತ್ರ ತಗೊಂಡು ಬರ್ಬೇಡಿ. ವಿಎಫ್‌ಡಿ ಇರೋ ಕಡೆ ಸಂಜೆ ಜನ ಕಮ್ಮಿ ಆದಾಗ ಸ್ಪೀಡ್ ಇಳಿಯುತ್ತೆ, ಗಾಳಿ ವೇಗ ಅರ್ಧ ಆದ್ರೆ ಪ್ರೆಶರ್ ಅರ್ಧ ಆಗಲ್ಲ, ಕಾಲು ಭಾಗಕ್ಕೆ ಬೀಳುತ್ತೆ. 36 ಇದ್ದಿದ್ದು 9 ಆಗುತ್ತೆ, ಅದಿನ್ನೂ ಪರವಾಗಿಲ್ಲ, ಆದ್ರೆ 8 ಇದ್ದಿದ್ದು 2 ಆದ್ರೆ ಡಿಟೆಕ್ಟರ್ ಇದ್ದೂ ಇಲ್ಲ. ಮಿನಿಮಮ್ ಸ್ಪೀಡಲ್ಲೂ ಒಂದು ರೀಡಿಂಗ್ ಬೇಕೇ ಬೇಕು.

ಆಮೇಲೆ ಟೆಸ್ಟ್. ಮ್ಯಾಗ್ನೆಟ್ ಇಟ್ರೆ ಅಲಾರಂ ಬರುತ್ತೆ, ಅದು ಎಲೆಕ್ಟ್ರಾನಿಕ್ಸ್ ಮತ್ತೆ ವೈರಿಂಗ್ ಸರಿ ಇದೆ ಅನ್ನೋಕಷ್ಟೆ, ಹೊಗೆ ಒಳಗೆ ಬರುತ್ತೆ ಅನ್ನೋಕಲ್ಲ. ಕ್ಯಾನಲ್ಲಿ ಬರೋ ಟೆಸ್ಟ್ ಸ್ಮೋಕ್ ಹಾಕಿ. ನಮ್ಮಲ್ಲಿ ಒಂದು ಕಟ್ಟು ಊದುಬತ್ತಿ ಹಚ್ಚಿ ಹಿಡಿಯೋ ಅಭ್ಯಾಸ ಇದೆ, ಘಮಘಮ ಅನ್ನುತ್ತೆ ನಿಜ, ಆದ್ರೆ ಅದರ ಜಿಡ್ಡು ಸೆನ್ಸರ್ ಚೇಂಬರಿಗೆ ಅಂಟುತ್ತೆ, ಬೂದಿ ಬೇರೆ. ದೇವರಿಗೆ ಹಚ್ಚಿ. ಬೀಡಿ ಹೊಗೆ ಊದೋರನ್ನೂ ನೋಡಿದ್ದೀನಿ, ಅದರ ಬಗ್ಗೆ ಮಾತಾಡೋದೇ ಬೇಡ. ಅಲಾರಂ ಬಂದಾಗ ಒಬ್ಬ ಪ್ಯಾನೆಲ್ ಹತ್ರ, ಒಬ್ಬ ಎಎಚ್‌ಯು ಹತ್ರ, ಒಬ್ಬ ಡ್ಯಾಂಪರ್ ಹತ್ರ ನಿಂತಿರ್ಬೇಕು. ಡ್ಯಾಂಪರ್ ಮೋಟಾರ್ ತಿರುಗಿದ ಸದ್ದು ಸಾಲಲ್ಲ, ಒಳಗಿನ ರೆಕ್ಕೆ ಮುಚ್ಚಿದ್ದು ಟಾರ್ಚ್ ಹಾಕಿ ನೋಡಿ, ಶಾಫ್ಟ್ ಸ್ಕ್ರೂ ಸಡಿಲ ಆಗಿ ಮೋಟಾರ್ ಮಾತ್ರ ತಿರುಗೋದು ಮಾಮೂಲಿ.

ಆಮೇಲಿನ ದಿನಗಳು

ಆರು ತಿಂಗಳಿಗೊಮ್ಮೆ ಕಣ್ಣಲ್ಲಿ ನೋಡೋದು, ವರ್ಷಕ್ಕೊಮ್ಮೆ ಹೊಗೆ ಹಾಕಿ ಪೂರ್ತಿ ಟೆಸ್ಟ್, ಸೆನ್ಸಿಟಿವಿಟಿ ಚೆಕ್ ಹಾಕಿದ ಒಂದು ವರ್ಷದೊಳಗೆ ಒಂದ್ಸಲ, ಆಮೇಲೆ ವರ್ಷ ಬಿಟ್ಟು ವರ್ಷ, ಇದು ಎನ್‌ಎಫ್‌ಪಿಎ 72ರ ಲೆಕ್ಕ. ಪಕ್ಕದಲ್ಲೇ ಮೆಟ್ರೋ ಕೆಲಸನೋ ಹೊಸ ಬಿಲ್ಡಿಂಗೋ ನಡೀತಿದ್ರೆ ಕ್ಲೀನಿಂಗ್ ಮೂರು ತಿಂಗಳಿಗೆ ತನ್ನಿ. ಒಂದು ಬಟ್ಟೆ ಶೋರೂಮಲ್ಲಿ ಟ್ಯೂಬ್ ಎಳೆದು ನೋಡಿದ್ರೆ ಪ್ರತಿ ತೂತಿನ ಬಾಯಲ್ಲೂ ಬೂದು ಬಣ್ಣದ ಉಣ್ಣೆ, ಬೆರಳಲ್ಲಿ ಹಿಡಿದು ಎಳೆದ್ರೆ ದೀಪದ ಬತ್ತಿ ತರ ಉದ್ದಕ್ಕೆ ಬರ್ತಿತ್ತು. ಪ್ಯಾನೆಲಲ್ಲಿ ಆಗ್ಲೂ ನಾರ್ಮಲ್ಲೇ, ಯಾಕಂದ್ರೆ ಧೂಳು ಸೆನ್ಸರ್ ತನಕ ಬಂದ್ರೆ ತಾನೇ ಅದು ‘ಡರ್ಟಿ’ ಅನ್ನೋದು.

ಕ್ಲೀನ್ ಮಾಡೋದು ಹೀಗೆ: ಪ್ಯಾನೆಲಲ್ಲಿ ಆ ಡಿವೈಸ್ ಐಸೊಲೇಟ್ (ಸದ್ಯಕ್ಕೆ ಲೆಕ್ಕದಿಂದ ಹೊರಗಿಡೋದು), ಎಎಚ್‌ಯು ಆಫ್, ಸೆನ್ಸರ್ ಹೆಡ್ ಹೊರಗೆ. ಹೆಡ್ ಬಿಚ್ಚದೆ ಬ್ಲೋವರ್ ಹಿಡಿದ್ರೆ ಟ್ಯೂಬಿನ ಧೂಳೆಲ್ಲ ಅದರೊಳಗೇ. ಡಬ್ಬಿ ಒಳಗೆ ವ್ಯಾಕ್ಯೂಮ್ ಹಿಡಿದು, ಆಮೇಲೆ ಎರಡೂ ಟ್ಯೂಬಿಗೆ ಡಬ್ಬಿ ಕಡೆಯಿಂದ ಗಾಳಿ ಊದಿ. ಜಾಳಿಗೆ ಇರೋ ಮಾಡೆಲ್ ಆದ್ರೆ ಅದನ್ನೂ ತೊಳೆದು ಒಣಗಿಸಿ, ಹರಿದಿದ್ರೆ ಬದಲಾಯಿಸಿ. ಮುಚ್ಚಳದ ಗ್ಯಾಸ್ಕೆಟ್ ಗಟ್ಟಿಯಾಗಿ ಸೀಳಿದ್ರೆ ಹೊಸದು. ಹೆಡ್ ವಾಪಸ್ ಹಾಕಿ ಮತ್ತೆ ಮ್ಯಾನೋಮೀಟರ್, ಮೊದಲ ದಿನದ ರೀಡಿಂಗಿಗೆ ಹೋಲಿಸಿ.

ಸುಳ್ಳು ಅಲಾರಂ ಬಂದ್ರೆ ಡಿಟೆಕ್ಟರ್ ಬೈಯೋ ಮುಂಚೆ ಫ್ರೆಶ್ ಏರ್ ಎಲ್ಲಿಂದ ಬರ್ತಿದೆ ಹೋಗಿ ನೋಡಿ. ಪಕ್ಕದಲ್ಲೇ ಡೀಸೆಲ್ ಜನರೇಟರ್ ಸೈಲೆನ್ಸರ್ ಇರುತ್ತೆ, ಇಲ್ಲಾ ಕೆಳಗೆ ಯಾರೋ ಎಲೆ ಗುಡಿಸಿ ಬೆಂಕಿ ಹಾಕಿರ್ತಾರೆ, ದೀಪಾವಳಿ ರಾತ್ರಿಯಂತೂ ಕೇಳೋದೇ ಬೇಡ, ಆ ಮೂರು ದಿನ ಫ್ರೆಶ್ ಏರ್ ಡ್ಯಾಂಪರ್ ಎಷ್ಟು ತೆರೆದಿರ್ಬೇಕು ಅಂತ ಎಸಿಯೋರ ಜೊತೆ ಮೊದಲೇ ಮಾತಾಡಿಟ್ಕೊಳ್ಳಿ. ಇದ್ಯಾವ್ದೂ ನೋಡದೆ ಕೂಗುತ್ತೆ ಅಂತ ಐಸೊಲೇಟ್ ಮಾಡಿ ಮನೆಗೆ ಹೋಗೋದು ನಮ್ಮವರ ದೊಡ್ಡ ಚಟ, ಮೂರು ಜನ ಶಿಫ್ಟ್ ಬದಲಾದ ಮೇಲೆ ಅದು ಐಸೊಲೇಟಲ್ಲಿದೆ ಅಂತ ಯಾರಿಗೂ ನೆನಪಿರಲ್ಲ. ಪ್ಯಾನೆಲ್ ಪಕ್ಕ ಒಂದು ಬಿಳಿ ಬೋರ್ಡ್ ಹಾಕಿಸಿ, ಐಸೊಲೇಟ್ ಮಾಡಿದೋನ ಹೆಸರು, ಟೈಮ್, ಯಾವಾಗ ತೆಗೀತಾನೆ, ಅದರಲ್ಲಿ ಬರೀಲಿ.

ಲಾಗ್ ಬುಕ್ಕಲ್ಲಿ ‘ಚೆಕ್ಡ್ ಓಕೆ’ ನಾವು ನಿಲ್ಲಿಸಿ ಒಂದು ವರ್ಷ ಆಯ್ತು. ಮೂರನೇ ಫ್ಲೋರಿನ ಕೊನೇ ಎಂಟ್ರಿ, ಆ ಹುಡುಗನೇ ಬರೆದಿದ್ದು: ‘ಎಎಚ್‌ಯು 3 ಸಪ್ಲೈ. ಫುಲ್ ಸ್ಪೀಡ್ 35 ಪಾಸ್ಕಲ್, ಮಿನಿಮಮ್ 9. ಹೊಗೆ ಹಾಕಿದ್ದು 22 ಸೆಕೆಂಡಿಗೆ ಅಲಾರಂ. ಆಟೋದಲ್ಲೂ ಮ್ಯಾನುಯಲಲ್ಲೂ ಫ್ಯಾನ್ ನಿಂತಿದೆ. ಡ್ಯಾಂಪರ್ ರೆಕ್ಕೆ ಮುಚ್ಚಿದ್ದು ನೋಡಿದೆ. ಬಿರಡೆ ಇದೆ. ಐಸೊಲೇಟ್ ತೆಗೆದಿದ್ದು ಸಂಜೆ 6.40.’